ಕಿಡಿ ಹೊತ್ತ ಹಗ್ಗ

ಕಾಲೇಜಿನೆದುರು ಚೆನ್ನವೀರಣ್ಣನ ಗೂಡಂಗಡಿಯಲ್ಲಿ ಒಂದೇ ತೆಂಗಿನ ನಾರಿನಿಂದ ಹೊಸೆದ ಎರಡು ಹಗ್ಗಗಳಿದ್ದವು. ದೊಡ್ಡದು ಟಾರ್ಪಾಲು ಬಿಗಿದು ಹಿಡಿದಿತ್ತು. ಚಿಕ್ಕದು, ಹುಡುಗರು ಸಿಗರೇಟು ಹಚ್ಚಿಕೊಳ್ಳಲೆಂದು, ತುದಿಯಲ್ಲಿ ಕಿಡಿ ಹೊತ್ತು ಕಂಬಕ್ಕೆ ಕಟ್ಟಿದ ಗಂಟಿನಿಂದ ಕೆಳಗೆ ತೂಗುತ್ತಿತ್ತು.

"ತಮ್ಮಾ, ನೀನು ಉರಿಯುತ್ತಿದ್ದೀಯ" ಎಂದಿತು ದೊಡ್ಡ ಹಗ್ಗ.

"ಉರಿಯುವವರು ಬೇರೆ, ಅಣ್ಣಾ. ನನ್ನದು ಗೆಳೆಯರು ಬಂದಾಗ ಮಾತ್ರ. ಅದೂ ತುದಿಯಷ್ಟೇ."

"ಕಿಡಿಯಿಲ್ಲದಿದ್ದರೆ ಆ ಗೆಳೆಯರು ಬರುತ್ತಾರೆಯೇ?"

"ನಿನಗೆ ಹೊಟ್ಟೆಕಿಚ್ಚು. ನನ್ನ ಸುತ್ತ ನಿಂತು ಎಲ್ಲರೂ ನಗುತ್ತಾರೆ. ನಿನ್ನ ಹತ್ತಿರ ಯಾರು ನಿಲ್ಲುತ್ತಾರೆ?"

ದೊಡ್ಡದಕ್ಕೆ ಅನುಮಾನ ಹೋಗಲಿಲ್ಲ. ಕಾಲೇಜಿಗೆ ರಜೆಯಿದ್ದ ದಿನ ಅದು ಕಣ್ಣಿಟ್ಟು ಕಾಯಿತು. ಒಬ್ಬ ಗೆಳೆಯನೂ ಬರಲಿಲ್ಲ. ಆದರೂ ತುದಿ ಹೊಗೆಯಾಡುತ್ತಲೇ ಇತ್ತು.

"ಇವತ್ತು ಯಾರಿಗಾಗಿ, ತಮ್ಮಾ?"

"ನಾಳೆ ಬರುವವರಿಗಾಗಿ. ಬಂದಾಗ ಕಿಡಿ ಇಲ್ಲ ಎನ್ನಲಾದೀತೇ?"

"ಹಾಗಾದರೆ ಇನ್ನೊಂದು ಹೇಳು. ಮೊದಲು ಹುಡುಗರು ಬಗ್ಗಿ ನಿನ್ನಿಂದ ಹಚ್ಚಿಕೊಳ್ಳುತ್ತಿದ್ದರು. ಈಗ ತುದಿಗಾಲಲ್ಲಿ ನಿಂತು ಕತ್ತು ಚಾಚುತ್ತಾರೆ. ಯಾಕೆ?"

ಕಿಡಿ ಆಗಲೇ ಕಂಬದ ಗಂಟಿನ ಹತ್ತಿರ ಬಂದಿತ್ತು. ಚಿಕ್ಕ ಹಗ್ಗ ನಕ್ಕಿತು.

"ಈ ವರ್ಷದ ಹುಡುಗರು ಕುಳ್ಳರು, ಅಣ್ಣಾ."