ಹೂವಾಡಿಗನ ಹೆಂಡತಿ ಮುಡಿದ ಹೂವು

“ಗುರುಗಳೇ, ಹೆಂಡತಿಗೆ ನನ್ನ ಮೇಲಿದ್ದ ಪ್ರೀತಿ ಹೋಗಿಬಿಟ್ಟಿತೇ ಎಂಬ ಅನುಮಾನ ಬಂದಿದೆ. ನಿಜ ತಿಳಿಯುವುದು ಹೇಗೆ?” ಎಂದು ಈರಯ್ಯ ಕೇಳಿದ. ಅವನು ಸಂಸಾರಿಯಾದ ಶಿಷ್ಯ. ಮೊದಲೆಲ್ಲ ಅವನು ಮನೆಗೆ ಬಂದರೆ ಹೆಂಡತಿ ಬಾಗಿಲಿಗೆ ಓಡಿ ಬರುತ್ತಿದ್ದಳು. ಈಗ ಒಲೆಯ ಮುಂದಿನಿಂದ ತಲೆಯನ್ನೂ ಎತ್ತುವುದಿಲ್ಲ ಎಂಬುದು ಅವನ ಸಂಕಟ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಹೂವಾಡಿಗನಿದ್ದ. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. “ಅಕ್ಕಾ, ಈ ಮಲ್ಲಿಗೆ ನಿಮ್ಮ ಜಡೆಗೆಂದೇ ಅರಳಿದೆ” ಎಂದು ಬಂದವರಿಗೆಲ್ಲ ಹೇಳಿ ಹೇಳಿ, ಸಂಜೆಯ ಹೊತ್ತಿಗೆ ಬುಟ್ಟಿಯೂ ಬರಿದಾಗುತ್ತಿತ್ತು, ಬಾಯಿಯೂ ದಣಿಯುತ್ತಿತ್ತು. ಬುಟ್ಟಿಯ ತಳದಲ್ಲಿ ಉಳಿದ ಬಾಡಿದ ತುಂಡನ್ನು ಮನೆಯ ಕಿಟಕಿಯ ಮೇಲಿಟ್ಟು, ಮಾತಿಲ್ಲದೆ ಉಂಡು ಮಲಗುತ್ತಿದ್ದ. ಹೆಂಡತಿ ಮೊದಮೊದಲು ಅದನ್ನು ಮುಡಿದಳು. ಆಮೇಲೆ ಬಿಟ್ಟಳು. ಮಹಾರಾಯ ಅದನ್ನು ಗಮನಿಸಲೇ ಇಲ್ಲ.

ಒಂದು ಸಂಜೆ ಅವಳ ಜಡೆಯಲ್ಲಿ ಕನಕಾಂಬರ ಕಂಡಿತು. ಅವನು ಕನಕಾಂಬರ ಮಾರುವವನೇ ಅಲ್ಲ. ಅವಳು ಬಡಿಸಲು ಬಗ್ಗಿದಾಗ ಗಂಟನ್ನು ನೋಡಿದ. ಹೂ ಕಟ್ಟುವವರಿಗೆ ಒಬ್ಬೊಬ್ಬರ ಕೈಯೂ ಗಂಟಿನಲ್ಲೇ ಗೊತ್ತಾಗುತ್ತದೆ. ಇದು ಅವನ ಕೈಯದಲ್ಲ. ಬೇರೆ ಯಾರೋ ಕಟ್ಟಿಕೊಟ್ಟಿದ್ದಾರೆ ಎಂದುಕೊಂಡ. ಇವಳೊಬ್ಬಳು ಕೈಬಿಟ್ಟರೆ ತನಗೆ ಇನ್ನು ಯಾರೂ ಇಲ್ಲವೆಂದು ಅವತ್ತು ಅವನಿಗೆ ತಿಳಿಯಿತು.

ಮರುದಿನ ವ್ಯಾಪಾರ ಬಿಟ್ಟು ಪೇಟೆಯ ಹೂವಿನ ಅಂಗಡಿಗಳನ್ನೆಲ್ಲ ಸುತ್ತಿದ. ಒಂದೊಂದು ಮಾಲೆಯನ್ನೂ ಎತ್ತಿ ತಿರುಗಿಸಿ ನೋಡಿದ. “ಏನಪ್ಪಾ, ಕಸುಬು ಕಲಿಯೋಕೆ ಬಂದೆಯಾ?” ಎಂದು ಅವರು ನಕ್ಕರು. ಆ ಗಂಟು ಯಾರ ಹತ್ತಿರವೂ ಇರಲಿಲ್ಲ. ಅಷ್ಟು ಸೊಟ್ಟಗೆ ಕಟ್ಟಿದರೆ ಯಾವ ಹೂವಾಡಿಗನ ಹೊಟ್ಟೆ ತುಂಬೀತು!

ಸೋತು ಮಧ್ಯಾಹ್ನವೇ ಮನೆಗೆ ಬಂದ. ಹಿತ್ತಲಿನಲ್ಲಿ ಒಂದು ಕನಕಾಂಬರದ ಗಿಡವಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ. ಹೆಂಡತಿ ಕಾಲ್ಬೆರಳಿಗೆ ದಾರ ಸಿಕ್ಕಿಸಿಕೊಂಡು, ಕಿತ್ತ ಹೂವನ್ನು ಸೊಟ್ಟಸೊಟ್ಟಗೆ ಕಟ್ಟುತ್ತಿದ್ದಳು. ಹೋದ ಜೀವ ಬಂದಂತಾಯಿತು. ಹಿಂದೆಯೇ ಸಿಟ್ಟೂ ಬಂತು.

“ಹೂ ಮಾರೋನ ಹೆಂಡ್ತಿ ನೀನು. ನಾನು ತಂದಿಟ್ಟಿದ್ದು ಬಿಟ್ಟು ಇದ್ಯಾಕೆ?”

“ನೀವು ತರೋದು ಊರೋರೆಲ್ಲ ಬೇಡ ಅಂದು ಬಿಟ್ಟಿದ್ದು. ಹೂವೂ ಅಷ್ಟೇ, ಮಾತೂ ಅಷ್ಟೇ. ಮಿಕ್ಕಿದ್ದನ್ನ ಮುಡ್ಕೊಳ್ಳೋಕೆ ನನಗೇನು ಬಂದಿದೆ?”

ಹೂವಾಡಿಗ ಪಕ್ಕದಲ್ಲಿ ಕುಳಿತ. ಅವಳ ಗಂಟುಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತ, ತಾನು ಪೇಟೆ ಸುತ್ತಿದ್ದನ್ನು ಒಂದೂ ಬಿಡದೆ ಹೇಳಿದ. ಅವಳು ಮೊದಲು ಕೆಂಡವಾದಳು. ಅಂಗಡಿಯವರು ನಕ್ಕ ಸಂಗತಿ ಬಂದಾಗ ಅವಳಿಗೂ ನಗು ತಡೆಯಲಾಗಲಿಲ್ಲ. ಮಾರನೆಯ ದಿನದಿಂದ ಬುಟ್ಟಿ ಹೊಸ್ತಿಲು ದಾಟುವ ಮೊದಲೇ ಒಂದು ಮೊಳ ಮಲ್ಲಿಗೆ, ಅದರ ಜೊತೆಗೆ ಒಂದಿಷ್ಟು ಮಾತು ಮನೆಯಲ್ಲಿ ಇಳಿಯತೊಡಗಿದವು. ಪೇಟೆಯ ಗಿರಾಕಿಗಳಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಕತೆ ಮುಗಿಯಿತು. ಈರಯ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ. ಹೋಗುವಾಗ ಎರಡು ಮೊಳ ಮಲ್ಲಿಗೆ ಕೊಂಡು ಹೋಗುತ್ತೇನೆ” ಎಂದು ಎದ್ದ.

ಗುರುಗಳು ನಕ್ಕರು.

“ಕೊಂಡು ಹೋಗು, ಆದರೆ ಬೆಳಗಾಗುತ್ತಲೇ ಇಷ್ಟು ದೂರ ನಡೆದು ಬಂದು ಮನಸ್ಸಿನಲ್ಲಿದ್ದುದನ್ನೆಲ್ಲ ನನಗೆ ಹೇಳಿಬಿಟ್ಟೆಯಲ್ಲ, ಸಂಜೆ ಅವಳಿಗೆ ಏನನ್ನು ಉಳಿಸಿಕೊಂಡು ಹೋಗುತ್ತೀಯೆ?”