ಮರಿಮಾದನೂ ಬಿಸಿಲಲ್ಲಿ ಕೂತ ಹೆಂಗಸೂ

ಭಗವಂತ ಯಾರನ್ನೂ ಬರಿಗೈಲಿ ಕಳಿಸುವುದಿಲ್ಲ. ಸಿದ್ದಮ್ಮನ ಮಗ ಮರಿಮಾದನಿಗೆ ಬುದ್ಧಿ ಕೊಡುವಾಗ ಕೊಂಚ ಕೈ ಬಿಗಿ ಹಿಡಿದ, ರಂಗೋಲಿ ಬಿಡುವ ಬೆರಳನ್ನು ಮಾತ್ರ ಧಾರಾಳವಾಗಿ ಕೊಟ್ಟ. "ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನಪ್ಪಾ ಶಿವನೇ!" ಎಂದು ತಾಯಿ ಅವನನ್ನು ಚಿತ್ರದ ವರದಯ್ಯ ಮೇಷ್ಟ್ರ ಹತ್ತಿರ ಕರೆದೊಯ್ದಳು.

ಮೇಷ್ಟ್ರ ಗೋಡೆಯ ಮೇಲೊಂದು ಪರದೇಶದ ಚಿತ್ರ: ಹೊಳೆ ದಂಡೆ, ಸುಡುಬಿಸಿಲು, ಹುಲ್ಲಿನ ಮೇಲೆ ಕೂತ ಒಬ್ಬ ಹೆಂಗಸು. "ಇಂಪ್ರೆಷನಿಸ್ಟ್ ಶೈಲಿ ಕಣಮ್ಮ, ಬಿಸಿಲು ಬೆಳಕನ್ನ ಬಣ್ಣದ ತುಣುಕುಗಳಲ್ಲೇ ಹಿಡಿಯೋದು. ಹುಣ್ಣಿಮೆಯೊಳಗೆ ಇದನ್ನ ನೋಡಿ ಬರೆದರೆ ಶಿಷ್ಯ. ಇಲ್ಲದಿದ್ರೆ ಮನೆಗೆ ಕರ್ಕೊಂಡು ಹೋಗು."

ಮರಿಮಾದ ನೆರಳಿಗೆ ಕಪ್ಪು ಬಳಿದ.

"ಅಯ್ಯೋ ಪೆದ್ದೇ! ಇದರಲ್ಲಿ ನೆರಳಿಗೆ ಕಪ್ಪಿಲ್ಲ. ನೆರಳು ಕಂಡ ಕಡೆ ನೀಲಿ ಇಡು!"

ಆಗಲಿ ಅಂದ. ಮಾರನೆಯ ದಿನ ಮೇಷ್ಟ್ರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವರ ನೆರಳು ನೆಲದ ಮೇಲೆ ಬಿದ್ದಿತ್ತು. ಮರಿಮಾದ ಕುಂಚ ತಂದು ನೆಲಕ್ಕೆ ನೀಲಿ ಬಳಿದ. "ಅಲ್ಲಾಡಬೇಡಿ ಮೇಷ್ಟ್ರೇ, ತಲೆ ಒಂದು ಬಾಕಿ ಇದೆ!"

"ನೆಲಕ್ಕಲ್ಲವೋ! ಚಿತ್ರ ನೋಡು! ದೂರ ನಿಂತು ನೋಡು. ದೂರ ಹೋದಷ್ಟೂ ಚೆಂದ!"

ಆಗಲಿ ಅಂದ. ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಊರಾಚೆಯ ಕೆರೆ ಏರಿ ಹತ್ತಿದ. ಹುಡುಕಿ ಬಂದ ತಾಯಿ, "ಇಲ್ಲಿಂದ ಏನು ಕಾಣುತ್ತೋ?" ಅಂದಳು.

"ಏನೂ ಕಾಣಲ್ಲ ಅವ್ವಾ. ಬಲು ಚೆಂದ ಇರಬೇಕು!"

ವಾಪಸು ಬಂದು ಬಣ್ಣವೆಲ್ಲ ಕಲಸಿ ಕೆಸರು ಮಾಡಿದ. ಮೇಷ್ಟ್ರು ತಲೆ ಚಚ್ಚಿಕೊಂಡರು. "ಕಲಸಬೇಡವೋ! ಪಕ್ಕಪಕ್ಕ ಇಡು. ನೋಡೋರ ಕಣ್ಣೇ ಕಲಸಿಕೊಳ್ಳುತ್ತೆ!"

ಆಗಲಿ ಅಂದ. ಸೋಮವಾರ ತಾಯಿ ಮಗನ ಹೆಸರಲ್ಲಿ ಅಭಿಷೇಕ ಮಾಡಿಸಿದಳು. ಪಂಚಾಮೃತ ಕಲಸಿ ಹಂಚುವ ಕೆಲಸ ಅವನದು. ಭಕ್ತರ ಅಂಗೈಗೆ ಹಾಲು ಒಂದು ತೊಟ್ಟು, ಪಕ್ಕಕ್ಕೆ ಮೊಸರು, ಅದರ ಪಕ್ಕಕ್ಕೆ ತುಪ್ಪ, ಜೇನು, ಸಕ್ಕರೆ. ಹಾಲು ಮೊಣಕೈಗೆ ಇಳಿಯಿತು.

"ಕಲಸೋ!" ಎಂದು ಅರ್ಚಕರು ಕೂಗಿದರು.

"ಸುಮ್ಮನೆ ನೋಡ್ತಾ ಇರಿ ಸ್ವಾಮಿ, ಕಣ್ಣೇ ಕಲಸಿಕೊಳ್ಳುತ್ತೆ!"

ಗರ್ಭಗುಡಿಯ ಶಿವ ನಕ್ಕಿರಬೇಕು. ತಾಯಿ ಅತ್ತಳು.

ಹುಣ್ಣಿಮೆಗೆ ಒಂದೇ ದಿನ ಉಳಿದಿತ್ತು. ಆ ಕಣ್ಣೀರು ಕಂಡ ಮೇಷ್ಟ್ರು ಮೆತ್ತಗೆ ಹೇಳಿದರು: "ಕೊನೇ ಮಾತು ಕೇಳೋ. ಆ ಹೆಂಗಸನ್ನ ಬೊಂಬೆ ಅಂದ್ಕೋಬೇಡ. ನಿನ್ನ ಹೆತ್ತವ್ವ ಅಂದ್ಕೊಂಡು ಬರಿ."

ಆಗಲಿ ಅಂದ.

ಹುಣ್ಣಿಮೆಯ ದಿನ ಮೇಷ್ಟ್ರು ಅವನು ಬರೆದದ್ದನ್ನು ನೋಡಿದರು. ಹೊಳೆ ಮಿನುಗುತ್ತಿತ್ತು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಕಲ್ಲಿನ ನೆರಳು ನೀಲಿ. ಒಂದು ಹೆಜ್ಜೆ ಹಿಂದೆ ಹೋದರು, ಇನ್ನೊಂದು ಹೋದರು. ದೂರ ಹೋದಷ್ಟೂ ಚೆಂದ! ಆದರೆ ದಂಡೆಯಲ್ಲಿ ಯಾರೋ ಕೂತೆದ್ದ ಹಾಗೆ ಹುಲ್ಲು ಬಾಗಿತ್ತು, ಅಷ್ಟೆ.

"ಹೆಂಗಸೆಲ್ಲೋ?"

"ಬೆಳಗಿಂದ ಬಿಸಿಲಲ್ಲಿ ಕೂತಿದ್ದಳು ಮೇಷ್ಟ್ರೇ. ಹೆತ್ತವ್ವನ್ನ ಹಾಗೆ ಕೂರಿಸ್ತಾರಾ? ಸಾಕು, ಮನೆಗೆ ಹೋಗವ್ವಾ ಅಂದೆ."

ಬಾಗಿಲಲ್ಲಿ ನಿಂತಿದ್ದ ಸಿದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಷ್ಟ್ರು "ನಾಳೆಯಿಂದ ದಿನಾ ಬಾರೋ" ಎಂದರು.

ಆಗಲಿ ಅಂದ. ಹೊರಡುವ ಮುಂಚೆ ತನ್ನ ಕೊಡೆ ಬಿಚ್ಚಿ ಗೋಡೆಯ ಚಿತ್ರಕ್ಕೆ ನೆರಳಾಗಿ ಕಟ್ಟಿದ. ಅದರಲ್ಲಿದ್ದ ಹೆಂಗಸು ಇನ್ನೂ ಬಿಸಿಲಲ್ಲೇ ಕೂತಿದ್ದಳು.