ಒಂದೇ ದನಿಯ ಸ್ಪೀಕರ್

ದಾಕ್ಷಾಯಣಿಯ ಮೊಬೈಲಿನಲ್ಲಿ ಸ್ಪೀಕರ್ ಅಕ್ಕ, ವೈಬ್ರೇಟರ್ ತಂಗಿ. ಸೀರೆಯ ರಿಯಾಯಿತಿ ಬಂದರೂ ಪಿಜ್ಜಾ ಆಫರ್ ಬಂದರೂ ಅಕ್ಕ ಮನೆ ಹಾರಿಹೋಗುವಂತೆ ಕಿರುಚುತ್ತಿತ್ತು.

"ಎಲ್ಲದಕ್ಕೂ ಹೀಗೆ ಬಾಯಿ ಮಾಡಬೇಡಕ್ಕಾ," ಎಂದಿತು ತಂಗಿ.

"ನಿನ್ನ ಗೊಣಗಾಟ ಯಾರಿಗೆ ಕೇಳುತ್ತೆ? ಸುಮ್ನಿರೇ!"

ಕೊನೆಗೆ ಬೇಸತ್ತ ದಾಕ್ಷಾಯಣಿ ಸೌಂಡನ್ನೇ ಆಫ್ ಮಾಡಿ, ಮೊಬೈಲನ್ನು ಹಾಸಿಗೆಯ ಮೇಲೆ ಎಸೆದು ಅಡುಗೆಮನೆಗೆ ಹೋದಳು.

ಆಗಲೇ ರಕ್ತದಾನದ ಆ್ಯಪಿನಿಂದ ಸಂದೇಶ ಬಂತು. ಬಾಣಂತಿಯೊಬ್ಬಳಿಗೆ ದಾಕ್ಷಾಯಣಿಯ ಗುಂಪಿನ ಅಪರೂಪದ ರಕ್ತವೇ ಬೇಕಿತ್ತು, ಅದೂ ತಕ್ಷಣ.

"ಅಕ್ಕಾ, ಈಗ ಕೂಗೇ!" ಎಂದು ತಂಗಿ ಅಂಗಲಾಚಿತು.

"ಹೇಗೆ ಕೂಗಲಿ? ಬಾಯಿ ಕಟ್ಟಿದ್ದಾಳಲ್ಲೇ."

ತಂಗಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ನಡುಗಿತು. ಹತ್ತಿಯ ಹಾಸಿಗೆ ಅಷ್ಟನ್ನೂ ನುಂಗಿಕೊಂಡಿತು.

ಸಂಜೆಯ ಹೊತ್ತಿಗೆ ಇನ್ನೊಂದು ಸಂದೇಶ: "ಬಾಣಂತಿ ತೀರಿಕೊಂಡರು. ಇನ್ನು ರಕ್ತ ಬೇಡ."

ಅದಕ್ಕೂ ತಂಗಿ ನಡುಗಬೇಕಿತ್ತು, ನಡುಗಿತು.